ಕಾನ್ಸುಲರ ಕಾರಿನ ಪ್ರಶ್ನೆ

ಗಿರಿಜಾ, ನಿನ್ನ ಉತ್ತರ ಸರಿಯಾಗಿತ್ತು. ನಾನದಕ್ಕೆ ಸೊನ್ನೆ ಹಾಕಿದೆ. ತಪ್ಪು ನನ್ನದೆಂದು ಅದೇ ಸಂಜೆ ತಿಳಿದ ಮೇಲೂ ಬಾಯಿಬಿಡಲಿಲ್ಲ — ಹನ್ನೊಂದು ವರ್ಷ.

ಪ್ರಶ್ನೆ ನಿನಗೆ ನೆನಪಿದ್ದೀತು. ‘ಅ’ ದೇಶದ ಕಾನ್ಸುಲ್, ಅಂದರೆ ‘ಬ’ ದೇಶದ ಊರೊಂದರಲ್ಲಿ ವೀಸಾ, ಪಾಸ್‌ಪೋರ್ಟು ನೋಡಿಕೊಳ್ಳುವ ಅಧಿಕಾರಿ, ರಜೆಯ ದಿನ ಸ್ವಂತ ಕಾರು ಓಡಿಸುತ್ತ ದಾರಿಹೋಕನೊಬ್ಬನ ಸಾವಿಗೆ ಕಾರಣರಾಗುತ್ತಾರೆ. ‘ಬ’ ದೇಶ ಅವರ ಮೇಲೆ ಮೊಕದ್ದಮೆ ಹೂಡಬಹುದೇ? ಕೂಡದು, ಪೂರ್ಣ ರಕ್ಷಣೆ ಉಂಟು ಎಂದು ನಾನು ಬರೆಸಿದ್ದೆ. ನನ್ನ ಮೇಷ್ಟ್ರು ನನಗೆ ಬರೆಸಿದ್ದೂ ಅದೇ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು? ನೀನು ಕಾನ್ಸುಲರ ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನೇ ಓದಿ ಬರೆದಿದ್ದೆ: ಪೂರ್ಣ ರಕ್ಷಣೆ ರಾಯಭಾರಿಗೆ, ಕಾನ್ಸುಲ್‌ಗೆ ಕಚೇರಿಯ ಕೆಲಸದ ಮಟ್ಟಿಗೆ ಮಾತ್ರ.

ಉತ್ತರಪತ್ರಿಕೆ ಹಿಡಿದು ಎದ್ದು ನಿಂತೆ ನೀನು. “ಸಾರ್, ಇದು ಸರಿ ಐತೆ ಅನ್ಸುತ್ತೆ, ಒಂದ್ಸಲ ನೋಡ್ರಿ.”

ನನಗೋ ಮೂಗಿನ ತುದಿಯಲ್ಲೇ ಕೋಪ. “ನಿಮ್ಮೂರ ಯಲ್ಲದಕೆರೆ ಬಸ್ಸಿನಾಗೆ ಓದಿದ್ದೆಲ್ಲ ಕಾನೂನಾಗಲ್ಲಮ್ಮ, ಕುಂತ್ಕ!” ತರಗತಿಯೆಲ್ಲ ನಕ್ಕಿತು. ನೀನು ಕೂತೆ.

ಸಂಜೆ ಲೈಬ್ರರಿಯಲ್ಲಿ ಒಪ್ಪಂದದ ಪುಸ್ತಕ ತೆರೆದೆ. ನೀನು ಬರೆದದ್ದೇ ಅಲ್ಲಿತ್ತು, ಅಕ್ಷರಶಃ. ಅಣಕು ನ್ಯಾಯಾಲಯದ ಸ್ಪರ್ಧೆಗೆ ಹೋಗುವವರ ಪಟ್ಟಿ ಇನ್ನೂ ನನ್ನ ಜೇಬಿನಲ್ಲಿತ್ತು, ಆ ಅಂಕಗಳ ಮೇಲೆಯೇ ಮಾಡಿದ್ದು. ನಿನ್ನ ಹೆಸರು ಸೇರಿಸಬಹುದಿತ್ತು. ಸೇರಿಸಿದರೆ ಯಾಕೆಂದು ಕೇಳುತ್ತಾರಲ್ಲ... ಹಾಗೆಯೇ ಕೊಟ್ಟುಬಿಟ್ಟೆ.

ಹೋದ ವಾರ ಹಿರಿಯೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ನಿನ್ನನ್ನು ಕಂಡೆ. ಕ್ರಯಪತ್ರ ಬರೆಯುತ್ತ ಕೂತಿದ್ದೆ ನೀನು. ಕೋರ್ಟಿಗೆ ಹೋಗುವುದಿಲ್ಲವೇ ಎಂದು ನಾನು ಕೇಳಿದೆ.

“ಎದ್ದು ನಿಂತ್ರೆ, ನಾನು ಓದಿದ್ದೇ ತಪ್ಪೇನೋ ಅನ್ಸಿ ಬಾಯಿ ಕಟ್ಟುತ್ತೆ ಸಾರ್. ಅವತ್ತು ನೀವು ತಿದ್ದಿದ್ದು ಒಳ್ಳೇದಾತು ಬಿಡ್ರಿ, ಸ್ಪರ್ಧೆಗೆ ಹೋಗಿದ್ರೆ ಎಲ್ಲಾರ ಮುಂದೆ ನಗೆಪಾಟಲಾಗ್ತಿದ್ದೆ.”

ಟೀ ನೀನೇ ತರಿಸಿದೆ. ನಾನು ಕುಡಿದು ದುರ್ಗದ ಬಸ್ಸು ಹತ್ತಿದೆ.

ನಾಳೆ ತರಗತಿಯಲ್ಲಿ ಅದೇ ಪಾಠ. ನಡೆದದ್ದನ್ನು ನಿನ್ನ ಹೆಸರು ಹಿಡಿದೇ ಹೇಳುತ್ತೇನೆ. ಹುಡುಗರು ನಗಲಿ, ಪ್ರಾಂಶುಪಾಲರು ಕರೆಸಲಿ. ಅದಕ್ಕಲ್ಲ ನನಗೆ ಹೆದರಿಕೆ. ಇದನ್ನು ಓದಿಯೂ ನೀನು, ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಹೀಗೆ ಬರೆದಿದ್ದಾರೆ ಅಂದುಕೊಂಡುಬಿಟ್ಟರೆ —

ನನ್ನ ಮಾತು ನಂಬಬೇಡ ಗಿರಿಜಾ. ಒಪ್ಪಂದ ತೆಗೆದು, ನಲವತ್ತಮೂರನೆಯ ವಿಧಿಯನ್ನು ನೀನೇ ಓದಿ ನೋಡು.