ಎಡಕ್ಕೆ ಎಳೆಯುವ ಗಾಡಿ, ಬಲಕ್ಕೆ ಒತ್ತುವ ಕೈ

"ಅಮ್ಮಾ, ಮಾವ ಯಾಕೆ ಸ್ಟೀರಿಂಗ್ ಓರೆ ಹಿಡ್ಕೊಂಡು ಸೀದಾ ಹೋಗ್ತಾನೆ?"

ಮಗಳು ಇದನ್ನು ಕೇಳಿದ್ದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುವಾಗ. ಅಮ್ಮನ ಒಂದು ಕೈಯಲ್ಲಿ ಜಡೆ, ಇನ್ನೊಂದರಲ್ಲಿ ಬಾಚಣಿಗೆ, ಬಾಯಲ್ಲಿ ಕ್ಲಿಪ್ಪು. ಉತ್ತರ ಕೊಡುವ ಸ್ಥಿತಿ ಇರಲಿಲ್ಲ. ಸಿಕ್ಕಿದ್ದೇ ಸಂದು ಎಂದು ಮಗಳು ಮುಂದುವರಿಸಿದಳು: "ನೀನು ಸೀದಾ ಹಿಡ್ಕೊಂಡು ಓರೆ ಹೋಗ್ತೀಯ."

ಕ್ಲಿಪ್ಪು ಬಾಯಿಂದ ಜಾರಿ ನೆಲಕ್ಕೆ ಬಿತ್ತು. ಪಕ್ಕದ ಕೋಣೆಯಿಂದ ಗಂಡನ ನಗು ಕೇಳಿಸಿತು. ಕೆಮ್ಮಿನಂತೆ ತಿರುಗಿಸಿಕೊಂಡರೂ ಅದು ನಗುವೇ.

"ನಿಮ್ಮ ಮಾವ ದೊಡ್ಡ ಮೇಸ್ತ್ರಿ ಕಣೇ. ಅವನು ಹೇಗೆ ಹಿಡಿದ್ರೂ ಗಾಡಿ ಸೀದಾ ಹೋಗುತ್ತೆ. ನಾನು ಹೇಗೆ ಹಿಡಿದ್ರೂ ಗೇಟಿನ ಕಂಬಕ್ಕೇ ಹೋಗುತ್ತೆ. ತಲೆ ಅಲ್ಲಾಡಿಸ್ಬೇಡ."

ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಅವಳು ಮಗಳನ್ನು ಶಾಲೆಯ ವ್ಯಾನ್ ಹತ್ತಿಸಿದಳು. ಮಗು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಕೂತರೆ ಮನೆಯಲ್ಲಿ ಅನ್ನ ಬೇಯುವುದು ಯಾವಾಗ?

ಮಾವ ಎಂದರೆ ಅವಳ ಒಡಹುಟ್ಟಿದ ಅಣ್ಣ. ದೊಡ್ಡ ರಸ್ತೆಯ ತಿರುವಿನಲ್ಲಿ ಅವನದು ಗಾಡಿಗಳ ಚಕ್ರದ ಓರೆ ತಿದ್ದುವ, ಅಂದರೆ ಅಲೈನ್‌ಮೆಂಟ್ ಮಾಡುವ ಅಂಗಡಿ. ಓರೆಕೋರೆ ಕಂಡರೆ ಅವನಿಗೆ ಚಿಕ್ಕಂದಿನಿಂದಲೂ ತುತ್ತು ಇಳಿಯದು. ಗೋಡೆಯ ಫೋಟೋ, ಹಾಸಿದ ಚಾಪೆ, ಒಣಹಾಕಿದ ಟವೆಲ್ಲು, ಎಲ್ಲವನ್ನೂ ಎಳೆದು ನೇರ ಮಾಡಿಯೇ ಮುಂದೆ ಹೋಗುತ್ತಿದ್ದ. ತಂಗಿಗೆ ಬೈತಲೆ ತೆಗೆಯುವ ಕೆಲಸವೂ ಅವನದೇ. ಮೂಗಿನ ತುದಿಯಿಂದ ನೆತ್ತಿಯವರೆಗೆ ನೂಲು ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಬಾಚಣಿಗೆ ಇಡುತ್ತಿದ್ದ. "ಶಾಲೆ ಗಂಟೆ ಹೊಡೀತು, ಬಿಡೋ ಅವಳನ್ನ" ಎಂದು ಅವರಮ್ಮ ಕೂಗಿದರೂ ಬಿಡುತ್ತಿರಲಿಲ್ಲ. ಶಾಲೆಯ ಗುಂಪಿನ ಫೋಟೋಗಳಲ್ಲಿ ಅವಳ ಕಣ್ಣು ಮುಚ್ಚಿರುತ್ತದೆ, ಕಾಲುಚೀಲ ಜಾರಿರುತ್ತದೆ, ಬೈತಲೆ ಮಾತ್ರ ಗೆರೆ ಎಳೆದ ಹಾಗೆ ಇರುತ್ತದೆ. ಅವಳ ಬಾಳಿನಲ್ಲಿ ಸೀದಾ ಇದ್ದದ್ದು ಅದೊಂದೇ ಎಂದು ಅವಳೇ ಹೇಳಿಕೊಂಡು ನಗುತ್ತಾಳೆ.

ಅಂಗಡಿಯ ನಡುವೆ ಆಳೆತ್ತರದ ಗುಂಡಿ. ಗುಂಡಿಯ ಎರಡೂ ಪಕ್ಕ ಗಾಡಿ ನಿಲ್ಲುವ ಕಬ್ಬಿಣದ ಹಾಸು. ನಾಲ್ಕು ಚಕ್ರಕ್ಕೂ ಏಡಿಯ ಕಾಲಿನಂಥ ಹಿಡಿಕೆ ಸಿಕ್ಕಿಸಿದರೆ ಎದುರಿನ ಪರದೆಯ ಮೇಲೆ ಅಂಕಿಗಳು ಮೂಡುತ್ತವೆ: ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ಗಿರಾಕಿಗೆ ಅರ್ಥವಾಗದಿದ್ದರೆ ಅಣ್ಣ ಪರದೆಯನ್ನು ಬಿಟ್ಟು ತನ್ನ ಮೈಯನ್ನೇ ತೋರಿಸುತ್ತಿದ್ದ.

"ನನ್ನ ಪಾದ ನೋಡಿ. ಒಂದು ಈ ಬೀದಿಗೆ, ಒಂದು ಆ ಬೀದಿಗೆ. ಇದು ಟೋ. ಚಕ್ರ ಹೀಗೆ ನಿಂತ್ರೆ ಟಯರ್ ಉರುಳಲ್ಲ, ಉಜ್ಜಿಕೊಂಡು ಹೋಗುತ್ತೆ. ನನ್ನ ಚಪ್ಪಲಿ ಸವೆದ ಹಾಗೆ ಸವೆಯುತ್ತೆ. ಈಗ ಮೊಣಕಾಲು ನೋಡಿ, ನಡುವೆ ಒಂದು ಕುಂಬಳಕಾಯಿ ತೂರಿಸಬಹುದು. ಎದುರಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿದ್ರೆ ಅದು ಕ್ಯಾಂಬರ್. ಎಡದ್ದು ಒಂದು ಥರ, ಬಲದ್ದು ಒಂದು ಥರ ವಾಲಿದ್ರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ. ಇನ್ನು ಸೈಕಲ್ಲಿನ ಮುಂದಿನ ಕವಲು ಹಿಂದಕ್ಕೆ ವಾಲಿರುತ್ತಲ್ಲ, ಅದು ಕ್ಯಾಸ್ಟರ್. ತಿರುಗಿಸಿ ಬಿಟ್ರೆ ಚಕ್ರ ತಾನಾಗೇ ಮಧ್ಯಕ್ಕೆ ಬರೋದು ಅದರಿಂದ. ನನಗೆ ಅದೊಂದು ಕಡಿಮೆ. ಹೆಂಡತಿ ತಿರುಗಿಸಿದ ಕಡೆಗೇ ನಿಂತುಬಿಡ್ತೀನಿ."

"ತಿರುಗಿಸೋಕೆ ಗಾಡಿ ಮೊದಲು ಸ್ಟಾರ್ಟ್ ಆಗ್ಬೇಕಲ್ಲ" ಎನ್ನುತ್ತಿದ್ದಳು ಮೇಜಿನ ಹಿಂದಿನಿಂದ ಅತ್ತಿಗೆ.

ಪರದೆ ಹಸಿರಾದರೂ ಅಣ್ಣ ಗಾಡಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಒಂದು ಸುತ್ತು ಓಡಿಸಿ ಬರಬೇಕು, ಅಂಗೈ ಒಪ್ಪಬೇಕು. ಬೇರೆ ಮೇಸ್ತ್ರಿಗಳು ಖಾಲಿ ರಸ್ತೆಯಲ್ಲಿ ಒಂದು ಕ್ಷಣ ಸ್ಟೀರಿಂಗ್ ಬಿಟ್ಟು ಗಾಡಿ ಎತ್ತ ಹೋಗುತ್ತದೆಂದು ನೋಡುತ್ತಾರೆ. ಅಣ್ಣನ ಪ್ರಕಾರ ಅದು ಹುಡುಗಾಟ. ಮೆಷಿನ್ ಹೇಳುವುದು ಲೆಕ್ಕ, ಕೈ ಹೇಳುವುದು ನಿಜ ಎಂಬುದು ಅವನ ಮಾತು. ಕೈ ಒಪ್ಪದಿದ್ದರೆ ಮತ್ತೆ ಗುಂಡಿಗಿಳಿದು ಬೋಲ್ಟು ಸಡಿಲಿಸುತ್ತಿದ್ದ.

ಅವನ ಸ್ವಂತ ಗಾಡಿಯ ಕಥೆ ಬೇರೆ. ಯಾವಾಗಲೋ ರಸ್ತೆಯ ಹೊಂಡವೊಂದಕ್ಕೆ ಇಳಿದು ಎದ್ದಾಗ ಅದರ ಎಡ ಮುಂಚಕ್ರ ಹೊರಕ್ಕೆ ವಾಲಿತ್ತು. ಗಿರಾಕಿಗಳ ಗಾಡಿ ಮುಗಿಯಲಿ, ಆಮೇಲೆ ನೋಡೋಣ ಎಂದ. ಗಿರಾಕಿಗಳು ಮುಗಿಯಲಿಲ್ಲ. ಅತ್ತಿಗೆಗೆ ಓಡಿಸಲು ಬಾರದ ಕಾರಣ ಕೇಳುವವರೂ ಇರಲಿಲ್ಲ. ಕ್ರಮೇಣ ಅವನೇ ಮರೆತ.

ತಂಗಿ ಗಾಡಿ ಕಲಿತದ್ದು ಮಗಳು ಹುಟ್ಟಿದ ಮೇಲೆ, ಅಣ್ಣನ ಕೈಕೆಳಗೆ. ಕಲಿತಳು ಎಂಬುದು ಅವಳ ಪರವಾನಗಿಯ ಅಭಿಪ್ರಾಯ. ಬೀದಿಯವರ ಅಭಿಪ್ರಾಯ ಇನ್ನೂ ಬಂದಿಲ್ಲ. ಈಚೆಗೆ ಅಣ್ಣ ಅವಳ ಗಾಡಿಯ ಅಲೈನ್‌ಮೆಂಟ್ ಮಾಡಿಕೊಟ್ಟ ಮೇಲೆ ಅದು ಎಡಕ್ಕೆ ಎಳೆಯುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ರಸ್ತೆಯ ಮೇಲೆ ಏನೇ ಕೆಟ್ಟರೂ ಅದು ತನ್ನದೇ ತಪ್ಪು ಎಂದು ಒಪ್ಪಿಕೊಂಡುಬಿಟ್ಟರೆ ಜಗಳ ಬೇಗ ಮುಗಿಯುತ್ತದೆ ಎಂಬುದು ಅವಳು ಕಂಡುಕೊಂಡ ಸೂತ್ರ. ಸೀಟಿಗೆ ದಿಂಬು ಹಾಕಿ ನೋಡಿದಳು, ಬಳೆ ತೆಗೆದು ನೋಡಿದಳು, ಉಸಿರು ಬಿಗಿಹಿಡಿದು ನೋಡಿದಳು. ಗಾಡಿ ಎಡಕ್ಕೇ.

ಆ ದಿನ ಸಂಜೆ ಕೆಲಸ ಮುಗಿಸಿ ಅವಳು ಅಂಗಡಿಗೆ ಹೋದಾಗ ಮಗಳು ಅಲ್ಲಿ ಹಳೆ ಟಯರಿನೊಳಗೆ ಕೂತಿದ್ದಳು. ಶಾಲೆಯ ವ್ಯಾನ್ ಅವಳನ್ನು ದಿನವೂ ಇಳಿಸುವುದು ಅಲ್ಲೇ. ಆದರೆ ವ್ಯಾನ್ ಹೊರಟಿರಲಿಲ್ಲ. ಅದನ್ನು ಓಡಿಸುವ, ಮಕ್ಕಳೆಲ್ಲ ವ್ಯಾನಕ್ಕ ಎಂದು ಕರೆಯುವ ಹೆಂಗಸು, ಸೊಂಟಕ್ಕೆ ಕೈಯಿಟ್ಟು ಅಣ್ಣನ ಎದುರು ನಿಂತಿದ್ದಳು.

"ಮೇಸ್ತ್ರಿ, ಮತ್ತೆ ಎಡಕ್ಕೆ ಎಳೀತಿದೆ."

"ಎಳೀತಿಲ್ಲ. ನಾನೇ ಓಡಿಸಿ ನೋಡಿದ್ದೀನಿ. ಬಾಣ ಬಿಟ್ಟ ಹಾಗೆ ಹೋಯ್ತು."

"ಹಾಗಾದ್ರೆ ದಿನಾ ನೀವೇ ಬಂದು ಓಡಿಸಿ."

"ನೀವು ಸ್ಟೀರಿಂಗ್ ತುಂಬಾ ಗಟ್ಟಿ ಹಿಡೀತೀರ."

"ಗಾಡಿ ತುಂಬ ಮಕ್ಕಳಿದ್ದಾರೆ. ಹೂವಿನ ಥರ ಹಿಡ್ಕೊಳ್ಳಲಾ?"

ವ್ಯಾನಕ್ಕ ದನಿ ಇಳಿಸಿದಳು. "ನಿಮ್ಮನ್ನ ಬೈಯೋಕೆ ಬಂದಿಲ್ಲ. ಒದ್ದೆ ರಸ್ತೇಲಿ ಬ್ರೇಕ್ ಹಾಕಿದ್ರೆ ಮುಖ ಚರಂಡಿ ಕಡೆಗೇ ತಿರುಗುತ್ತೆ. ಶಾಲೆಯವರು ಕೇಳ್ತಿದ್ದಾರೆ. ಇನ್ನೊಂದೇ ಸಲ ಮಾಡಿಕೊಡಿ. ಈಗಲೂ ಸರಿಹೋಗ್ಲಿಲ್ಲ ಅಂದ್ರೆ ನಮ್ಮ ವ್ಯಾನುಗಳೆಲ್ಲ ಬೇರೆ ಅಂಗಡಿಗೆ. ನನ್ನ ಕೈಲಿಲ್ಲ ಅದು."

ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅವಳು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು.

ಅಂಗಡಿ ನಿಂತಿದ್ದದ್ದೇ ಆ ಶಾಲೆಯ ವ್ಯಾನುಗಳ ಮೇಲೆ. ಮಿಕ್ಕ ಗಿರಾಕಿಗಳಲ್ಲೂ ಹೀಗೆ ವಾಪಸು ಬರುವವರು ಹೆಚ್ಚುತ್ತಿದ್ದರು. ಅಣ್ಣ ಮೊದಲು ಮೆಷಿನ್ನಿಗೆ ವಯಸ್ಸಾಯಿತು ಎಂದ. ಕಂಪನಿಯವನು ಬಂದು ತಪಾಸಣೆ ಮಾಡಿ, ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಹೋದ. ಆಮೇಲೆ ಟಯರುಗಳನ್ನು ಬೈದ. ಆಮೇಲೆ ನೀರು ಹರಿಯಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿದವರನ್ನು ಬೈದ. ಈಗ ಬೈಯಲು ಯಾರೂ ಉಳಿದಿರಲಿಲ್ಲ.

"ನನ್ನ ಕೈ ಹೋಗ್ತಾ ಇದೆಯೇನೋ" ಎಂದ ತಂಗಿಗೆ ಮಾತ್ರ ಕೇಳಿಸುವ ಹಾಗೆ. "ಕಣ್ಣು ಹೋದ್ರೆ ಕನ್ನಡಕ ಇದೆ. ಅಂಗೈಗೆ ಏನು ಹಾಕ್ಕೊಳ್ಳೋದು?"

ನಗಿಸಲೆಂದೇ ಹೇಳಿದ್ದು. ಅವಳಿಗೆ ನಗು ಬರಲಿಲ್ಲ. ಆ ಕೈ ಬಾಚಣಿಗೆ ಹಿಡಿದದ್ದು ನೆನಪಾಯಿತು.

ಅಣ್ಣ ವ್ಯಾನನ್ನು ಹಾಸಿನ ಮೇಲೆ ಹತ್ತಿಸಿದ. ಅಂಕಿಗಳು ಕೆಂಪಿದ್ದವು. "ನಾನು ಹಸಿರು ಮಾಡಿ, ಆಮೇಲೆ ಓಡಿಸಿ ನೋಡಿ, ಇನ್ನಷ್ಟು ತಿದ್ದಿ ಕಳಿಸಿದ್ದು ಇದು" ಎಂದು ಗೊಣಗುತ್ತ ಗುಂಡಿಗಿಳಿದ. ಸಾಕಷ್ಟು ಹೊತ್ತು ಸ್ಪ್ಯಾನರಿನ ಸದ್ದು ಬಂತು. ಎಲ್ಲ ಹಸಿರಾದ ಮೇಲೆ ಸುತ್ತು ಹೊರಟ. ಮುಂದಿನ ಸೀಟಿನಲ್ಲಿ ಕೂರಲು ಇದೇ ಸಮಯವೆಂದು ಮಗಳು ಹಟ ಹಿಡಿದಳು. ಅವಳನ್ನು ಹಿಂದೆ ಕೂರಿಸಿ ಬೆಲ್ಟು ಹಾಕಿ ತಾಯಿಯೇ ಅಣ್ಣನ ಪಕ್ಕ ಕೂತಳು.

ಗೋದಾಮುಗಳ ಹಿಂದಿನ ರಸ್ತೆ ಮಟ್ಟಸ, ನೇರ, ಖಾಲಿ. ಬೇರೆಯವರು ಓಡಿಸುವಾಗ ಅವಳಿಗೆ ರಸ್ತೆ ನೋಡುವ ಧೈರ್ಯವಿಲ್ಲ. ಇಲ್ಲದ ಬ್ರೇಕನ್ನು ಕಾಲು ತಾನಾಗಿ ಒತ್ತತೊಡಗುತ್ತದೆ. ಹಾಗಾಗಿ ಅಣ್ಣನ ಕೈ ನೋಡುತ್ತ ಕೂತಳು. ಗ್ರೀಸು ಮೆತ್ತಿದ ಆ ಎರಡೂ ಕೈ ಹಗುರವಾಗಿಯೇ ಕೂತಿದ್ದವು. ಆದರೂ ಸ್ಟೀರಿಂಗು ಬಲಕ್ಕೆ ಒಂದಿಷ್ಟು ವಾಲಿತ್ತು.

"ನೋಡು, ಈಗ ಬಲಕ್ಕೆ ಎಳೀತಿದೆ" ಎಂದ ಅಣ್ಣ. "ಹಸಿರಂತೆ ಹಸಿರು. ವಾಪಸ್ ಹೋಗಿ ಸ್ವಲ್ಪ ಎಡಕ್ಕೆ ಮಾಡ್ತೀನಿ."

ಬೆಳಿಗ್ಗೆ ಮಗಳು ಕೇಳಿದ ಓರೆ ಸ್ಟೀರಿಂಗಿನ ಪ್ರಶ್ನೆ ಆಗ ನೆನಪಾಯಿತು. ಅವಳು ಅದನ್ನು ಕೇಳಿದ್ದು ಹಿಂದಿನ ದಿನ ಮಾವನ ಗಾಡಿಯಲ್ಲಿ ಕೂತು ಬಂದ ಮೇಲೆ.

"ಅಣ್ಣಾ, ಒಂದು ಸಲ ಕೈ ಬಿಡು."

"ಹುಚ್ಚಾ ನಿಂಗೆ? ಗಾಡಿ ಕಲಿಸುವಾಗ ನಾನು ಹೇಳಿದ ಮೊದಲ ಮಾತೇನು?"

"ಕೈ ಬಿಡಬೇಡ ಅಂತ. ಈಗ ಬಿಡು. ನಿಧಾನ ಮಾಡಿ ಬಿಡು."

ಯಾಕೋ ಅವನು ವಾದಿಸಲಿಲ್ಲ. ವೇಗ ಇಳಿಸಿ, ಬಿಸಿ ಪಾತ್ರೆಯಿಂದ ತೆಗೆದಂತೆ ಎರಡೂ ಕೈ ಮೇಲಕ್ಕೆತ್ತಿದ. ಸ್ಟೀರಿಂಗು ತಾನಾಗಿ ಮಧ್ಯಕ್ಕೆ ಬಂದು ನಿಂತಿತು. ವ್ಯಾನ್ ಗೋದಾಮಿನ ಒಂದು ಗೋಡೆ ದಾಟಿತು, ಇನ್ನೊಂದು ಗೋಡೆ ದಾಟಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

ಅಣ್ಣ ಪಕ್ಕಕ್ಕೆ ನಿಲ್ಲಿಸಿದ. ಅಂಗೈಯನ್ನು ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈ ತೋಳಿಗೆ ಅಂಟಿದೆಯೇನೋ ಎಂಬಂತೆ.

ಅಂಗಡಿಗೆ ಬಂದು ಬೋಲ್ಟು ಮುಟ್ಟದೆ ಬೀಗದ ಕೈಯನ್ನು ವ್ಯಾನಕ್ಕನಿಗೆ ಕೊಟ್ಟ. ಅವಳು ಅದೇ ರಸ್ತೆಯಲ್ಲಿ ಸುತ್ತು ಹಾಕಿ ಬಂದಳು.

"ಈಗ ಸರಿ ಇದೆ. ಏನು ಮಾಡಿದ್ರಿ ಮೇಸ್ತ್ರಿ?"

"ಹಸಿರು ಬಂದ ಮೇಲೆ ಏನೂ ಮಾಡ್ಲಿಲ್ಲ."

"ಮೊದಲೇ ಏನೂ ಮಾಡದೆ ಇದ್ದಿದ್ರೆ ಇಷ್ಟು ಓಡಾಟ ಇರ್ತಿರ್ಲಿಲ್ಲ. ಉಳಿದ ವ್ಯಾನುಗಳಿಗೂ ಹಾಗೇ ಏನೂ ಮಾಡ್ಬೇಡಿ" ಎಂದು ಹೇಳಿ ಹೋದಳು.

ಆಮೇಲೆ ಅಣ್ಣ ತನ್ನ ಗಾಡಿಯನ್ನು ಗೋದಾಮಿನ ರಸ್ತೆಗೆ ಒಯ್ದು ಕೈ ಬಿಟ್ಟ. ಮನೆ ದಾರಿ ಗೊತ್ತಿರುವ ಹಸುವಿನ ಹಾಗೆ ಅದು ನೇರ ಎಡಗಡೆಯ ಚರಂಡಿಗೆ ಹೊರಟಿತು. ಆ ಎಳೆತವನ್ನು ತಡೆಯಲು ಅವನ ಕೈ ಬಲಕ್ಕೆ ಒತ್ತುವುದನ್ನು ಕಲಿತಿತ್ತು; ಅವನಿಗೆ ಹೇಳದೆ ಕಲಿತಿತ್ತು. ಸೀದಾ ಇರುವ ಗಾಡಿಗೂ ಅದೇ ಕೈ. ಅದು ಬಲಕ್ಕೆ ಹೋದರೆ ಇವನು ಗುಂಡಿಗಿಳಿದು ಎಡಕ್ಕೆ ತಿದ್ದುವುದು. ಊರಿನ ಗಾಡಿಗಳನ್ನೆಲ್ಲ ಒಂದೊಂದಾಗಿ ತನ್ನ ಗಾಡಿಯ ಥರ ಮಾಡಿಟ್ಟಿದ್ದ.

"ನನ್ನದೂ ಎಡಕ್ಕೆ ಎಳೆಯುತ್ತೆ ಅಣ್ಣ" ಎಂದಳು ತಂಗಿ.

"ಹೇಳೋದಲ್ವೇನೇ?"

"ನನ್ನ ಡ್ರೈವಿಂಗೇ ಹಾಗೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ" ಎಂದ ಅಣ್ಣ, ಒಂದಿಷ್ಟೂ ಸಂಕೋಚವಿಲ್ಲದೆ.

ಅವಳಿಗೆ ಒಳಗೊಳಗೇ ಹಿಗ್ಗು. ಗೇಟಿನ ಕಂಬಕ್ಕೆ ಉಜ್ಜಿದ್ದನ್ನೂ ಅಣ್ಣನ ಖಾತೆಗೆ ಹಾಕಿ ಗಂಡನಿಗೆ ಹೇಳಬೇಕು ಎಂದುಕೊಂಡಳು. ಆಮೇಲೆ ನೆನಪಾಯಿತು: ಉಜ್ಜಿದ್ದು ಅಲೈನ್‌ಮೆಂಟಿಗೆ ಮುಂಚೆ, ಅದೂ ರಿವರ್ಸ್ ಬರುವಾಗ. ಅದು ಸಂಪೂರ್ಣ ಸ್ವಂತ ಸಂಪಾದನೆ.

ಮರುದಿನ ಅಣ್ಣ ಬಾಗಿದ್ದ ಭಾಗ ಬದಲಿಸಿ ತನ್ನ ಗಾಡಿಯನ್ನು ಸರಿಮಾಡಿಕೊಂಡ. ವಾಪಸು ಬಂದವರ ಗಾಡಿಗಳನ್ನೆಲ್ಲ ತರಿಸಿ ಪುಕ್ಕಟೆಯಾಗಿ ತಿದ್ದಿಕೊಡುತ್ತೇನೆಂದು ಅತ್ತಿಗೆಯಿಂದ ಫೋನು ಮಾಡಿಸಿದ. "ತಪ್ಪು ಮೆಷಿನ್ನದ್ದು ಅಂತ ಹೇಳ್ಲಾ?" ಎಂದು ಅತ್ತಿಗೆ ಕೇಳಿದ್ದಕ್ಕೆ, "ಮೇಸ್ತ್ರಿಗೆ ಅಲೈನ್‌ಮೆಂಟ್ ತಪ್ಪಿತ್ತು ಅಂತ ಹೇಳು" ಎಂದನಂತೆ.

ಆ ಸಂಜೆ ತಂಗಿ ಮಗಳನ್ನು ಕರೆದೊಯ್ಯಲು ಹೋದಾಗ ಅವನು ಟಯರಿನ ಮೇಲೆ ಕೂತಿದ್ದ. ಸೋದರಸೊಸೆಯ ಜಡೆ ಅವನ ಕೈಯಲ್ಲಿತ್ತು. ಆಟದಲ್ಲಿ ಕೆದರಿದ ಬೈತಲೆಯನ್ನು ತಿದ್ದುತ್ತಿದ್ದ.

"ನನ್ನ ಗಾಡಿ ಈಗ ಸೀದಾ ಇದೆ. ಪರದೆ ಹಸಿರು. ಓಡಿಸಿದ್ರೆ ಬಲಕ್ಕೆ ಎಳೀತಿದೆ ಅನ್ಸುತ್ತೆ" ಎಂದ. "ಬುದ್ಧಿಗೆ ಗೊತ್ತಾಯ್ತು, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ."

"ಮುಟ್ಟುತ್ತೆ ಬಿಡು."

"ಮುಟ್ಟೋವರೆಗೆ?" ಜಡೆಯ ತುದಿಗೆ ರಬ್ಬರ್ ಸುತ್ತುತ್ತ, ಮುಖ ಎತ್ತದೆ ಕೇಳಿದ. "ನಿಂಗೆ ಒಂದು ಕೆಲಸ ಹೇಳ್ತೀನಿ, ಇಲ್ಲ ಅನ್ಬೇಡ. ದಿನಾ ಸಂಜೆ ಬಂದಾಗ, ಹಸಿರಾದ ಗಾಡಿಗಳನ್ನೆಲ್ಲ ಒಂದೊಂದು ಸುತ್ತು ನೀನೇ ಓಡಿಸಿ ನೋಡಿ ಹೇಳ್ಬೇಕು."

"ನಾನಾ? ನಂಗೆ ಓಡಿಸೋಕೆ ಎಲ್ಲಿ ಬರುತ್ತೆ ಅಣ್ಣ?"

"ಅದಕ್ಕೇ ನಿನ್ನನ್ನ ಕೇಳ್ತಿರೋದು. ನಿನ್ನ ಕೈ ಇನ್ನೂ ಏನನ್ನೂ ಕಲಿತಿಲ್ಲ. ರಿವರ್ಸ್ ಮಾತ್ರ ನಾನು ತೆಗೆದುಕೊಡ್ತೀನಿ. ಬರ್ತೀಯಾ?"