ಬಡಿತಗಳ ನಡುವೆ ಇದ್ದವನು

೧೯೯೮ರ ಚಳಿಗಾಲ. ಎಟೋಬಿಕೋಕ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹಳೆಯ ರೆಕಾರ್ಡುಗಳನ್ನು ಶುಚಿಮಾಡಿ ಸಿಡಿಗೆ ಇಳಿಸಿಕೊಡುವ ಕೆಲಸ ನನ್ನದು. ಕರಕರ ಸದ್ದು ಎಲ್ಲಿ ಅಡಗಿದ್ದರೂ ಹಿಡಿಯುತ್ತೇನೆಂಬ ಜಂಬವೂ ಇತ್ತು.

ಒಂದು ಮಧ್ಯಾಹ್ನ ಮಾರ್ಸಿಯಾ ಎಂಬ ಐವತ್ತರ ಆಸುಪಾಸಿನ ಹೆಂಗಸು ಲೇಬಲ್ ಕೆರೆದುಹಾಕಿದ್ದ ಒಂದು ತಟ್ಟೆ ತಂದರು. ಅದು ಡಬ್‌ಪ್ಲೇಟ್: ಮೆತ್ತನೆಯ ಲ್ಯಾಕರ್ ಬಳಿದ ಲೋಹದ ತಟ್ಟೆ. ಇರುವುದು ಒಂದೇ ಪ್ರತಿ, ನುಡಿಸಿದಷ್ಟೂ ಸವೆಯುತ್ತದೆ. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಜಮೈಕಾ ಮೂಲದವರು ಆಳೆತ್ತರದ ಸ್ಪೀಕರುಗಳನ್ನು ಹೊತ್ತೊಯ್ದು ರೆಗ್ಗೆ ಹಾಡುಗಳನ್ನು ನುಡಿಸುತ್ತಿದ್ದರು. ಆ ತಂಡಗಳಿಗೆ ಸೌಂಡ್ ಸಿಸ್ಟಮ್ ಎಂದು ಹೆಸರು. ಹಾಡು ಯಾರದೆಂದು ಎದುರಾಳಿ ತಂಡಕ್ಕೆ ತಿಳಿಯಬಾರದೆಂದು ಲೇಬಲ್ ಕೆರೆಯುವುದು ಅವರ ರೂಢಿ. ಬರ್ಮಿಂಗ್‌ಹ್ಯಾಮಿನಲ್ಲಿ ಹಾಡುತ್ತಿದ್ದ ಮಾರ್ಸಿಯಾರ ಅಣ್ಣ ಹೀಗೆ ಹೆಸರಿಲ್ಲದೆಯೇ ತೀರಿಕೊಂಡಿದ್ದ. ಅವನ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಹಾಡು ಇದ್ದ ಬದಿ ಪೂರ್ತಿ ಸಿಪ್ಪೆ ಎದ್ದಿತ್ತು. ಇನ್ನೊಂದು ಬದಿಯಲ್ಲಿದ್ದುದು ‘ವರ್ಷನ್’, ಅಂದರೆ ಗಾಯನ ತೆಗೆದು ಡ್ರಮ್ಮು, ಬೇಸ್ ಗಿಟಾರ್ ಮಾತ್ರ ಉಳಿಸಿದ ರೂಪ. “ಇದನ್ನಾದರೂ ಉಳಿಸಿಕೊಡಿ” ಎಂದರು.

ಮೊದಲು ಇದ್ದದ್ದನ್ನು ಇದ್ದ ಹಾಗೆ ಮುದ್ರಿಸಿಕೊಳ್ಳಬೇಕು, ಶುಚಿ ಆಮೇಲೆ. ನಮ್ಮ ಕೆಲಸದ ಒಂದನೇ ನಿಯಮವೇ ಅದು. ಬರೀ ವಾದ್ಯ ತಾನೇ ಎಂದು ನಾನು ನಾಯ್ಸ್ ಗೇಟ್ ಹಾಕಿಕೊಂಡೇ ಮುದ್ರಿಸಿದೆ. ಜೋರು ಸದ್ದನ್ನು ಒಳಬಿಟ್ಟು ಸಣ್ಣ ಸದ್ದಿಗೆ ಬಾಗಿಲು ಮುಚ್ಚುವ ಯಂತ್ರ ಅದು. ಬಡಿತಗಳ ನಡುವೆ ಈಗ ಚೊಕ್ಕಟ ಮೌನ.

ಮರುವಾರ ಅದನ್ನು ಕೇಳುತ್ತಲೇ ಮಾರ್ಸಿಯಾರ ಮುಖ ಬಾಡಿತು.

“ಅಣ್ಣ ಎಲ್ಲಿ? ಹಾಡುವವರು, ನುಡಿಸುವವರು ಎಲ್ಲರೂ ಒಂದೇ ಕೋಣೆಯಲ್ಲಿದ್ದರು. ಡ್ರಮ್ಮಿನ ಮೈಕಿನಲ್ಲಿ ಅವನೂ ಕೇಳಿಸುತ್ತಿದ್ದ.”

ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಆ ಬದಿಯೂ ಬಿರುಕು ಬಿಡತೊಡಗಿತ್ತು. ಇನ್ನೊಮ್ಮೆ ಸೂಜಿ ಇಟ್ಟರೆ ಅದೇ ಕೊನೆ. ಹೇಳಿದೆ. “ಇಡಿ” ಎಂದರು.

ಗೇಟ್ ತೆಗೆದು ಮುದ್ರಿಸತೊಡಗಿದೆ. ಡ್ರಮ್ಮು ಬಡಿಯಿತು. ಅದರ ಹಿಂದೆ, ಗೋಡೆಯಾಚೆಯಿಂದ ಬಂದ ಹಾಗೆ, ಒಬ್ಬ ಗಂಡಸು ಉಸಿರೆಳೆದುಕೊಂಡು ಹಾಡಲು ಶುರುಮಾಡಿದ. ಕಾಫಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ ನನ್ನ ಹೆಂಡತಿ, ಉಡುಪಿಯ ವನಜಾ, ಅಲ್ಲೇ ನಿಂತಳು.

“ಕೆಳಗೆ ನೀವಿಬ್ರೇ ಅಲ್ವಾ ಇರೋದು? ಮತ್ತೆ ಹಾಡೋದು ಯಾರು ಮಾರಾಯ್ರೆ?”

ಮೂರನೇ ನಿಮಿಷದಲ್ಲಿ ಲ್ಯಾಕರ್ ಸುರುಳಿಯಾಗಿ ಎದ್ದು ಬಂತು. ಹಾಡು ಸಾಲಿನ ನಡುವೆಯೇ ನಿಂತಿತು. ಉಳಿದ ಪದಗಳನ್ನು ಮಾರ್ಸಿಯಾ ತುಟಿಯಲ್ಲೇ ಮುಗಿಸಿದರು.

ಎರಡೂ ಸಿಡಿಗಳನ್ನು ಅವರ ಮುಂದಿಟ್ಟೆ. ಶುಚಿಯಾದದ್ದನ್ನು ನನ್ನ ಕಡೆಗೇ ಸರಿಸಿ, “ಇದರಲ್ಲಿ ಯಾರೂ ಇಲ್ಲ” ಎಂದರು.

ಆಮೇಲೂ ಹದಿನೈದು ವರ್ಷ ಆ ಕೆಲಸ ಮಾಡಿದೆ. ಮೂಲವನ್ನು ಮುದ್ರಿಸಿಕೊಳ್ಳದೆ ಗೇಟ್ ಮುಟ್ಟಲಿಲ್ಲ. ತಟ್ಟೆ ತಂದವರನ್ನು ಮೊದಲು ಕೂರಿಸಿ ಕೇಳುತ್ತಿದ್ದೆ: ಇದರಲ್ಲಿ ನಿಮ್ಮವರು ಯಾರಿದ್ದಾರೆ?