ನೀರಿಗಿಳಿಯುವ ಮೊದಲು

ಚೂಡಾಮಣಿಗೆ ಕಳವಳ ಹುಟ್ಟಿನಿಂದಲೇ ಬಂದದ್ದು ಎಂದು ಅವಳ ಅಕ್ಕ ಕಲ್ಯಾಣಿ ಹೇಳುತ್ತಿದ್ದಳು. ಹೊಸಕೆರೆಹಳ್ಳಿಯ ಮನೆಯಿಂದ ಹೊರಟು, ಬಸ್‌ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಬಂದದ್ದು ಎಷ್ಟು ಸಲವೋ. ಆದರೆ ಆ ಸ್ವಭಾವವೇ ಅವಳಿಗೆ ಅನ್ನ ಕೊಟ್ಟಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಅವಳು ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಪಾಸ್‌ಪೋರ್ಟಿನ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಅವಳ ಕಣ್ಣು ತಪ್ಪುತ್ತಿರಲಿಲ್ಲ. ತಾನು ಕಳಿಸಿದವರ ವಿಮಾನ ನೆಲ ಮುಟ್ಟುವವರೆಗೆ ಫೋನಿನಲ್ಲಿ ಅದರ ಜಾಡು ನೋಡುತ್ತ ಕೂರುತ್ತಿದ್ದಳು. ಸುತ್ತಲಿನ ಬ್ಲಾಕುಗಳ ವಯಸ್ಸಾದವರೆಲ್ಲ ಆಫೀಸಿನ ಹೆಸರು ಹೇಳುತ್ತಿರಲಿಲ್ಲ, ಚೂಡಾಮಣಿಯ ಹತ್ತಿರ ಮಾಡಿಸಿದೆವು ಎನ್ನುತ್ತಿದ್ದರು.

ಅವರಲ್ಲಿ ರಾಮಪ್ರಸಾದ ಒಬ್ಬರು. ಭೌತಶಾಸ್ತ್ರದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಂಡತಿ ಸೀತಮ್ಮನ ಜೊತೆ ಹದಿನೈದು ವರ್ಷಗಳಿಂದ ಕಾಶಿ, ಕೇದಾರ, ಸಿಂಗಪುರ ಎಲ್ಲಕ್ಕೂ ಚೂಡಾಮಣಿಯ ಕೈಯಲ್ಲೇ ಟಿಕೆಟ್ ಮಾಡಿಸಿಕೊಂಡು ಹೋಗಿ ಬಂದಿದ್ದರು. ಮನೆಯ ಹಜಾರದಲ್ಲಿ ಅವರದೊಂದು ದೊಡ್ಡ ಮೀನಿನ ತೊಟ್ಟಿ ಇತ್ತು. ಹವಳದ ದಿಬ್ಬವನ್ನು ನೀರಿನೊಳಗೇ ಕಣ್ಣಾರೆ ನೋಡಬೇಕೆಂಬ ಒಂದೇ ಆಸೆಗೆ ಅರವತ್ತೆರಡನೇ ವಯಸ್ಸಿನಲ್ಲಿ ಈಜು ಕಲಿತಿದ್ದರು. ಎಪ್ಪತ್ತೊಂದು ತುಂಬಿದ ವರ್ಷ, ಇಂಡೊನೇಷ್ಯಾದ ಪೂರ್ವದಂಚಿನ ದ್ವೀಪಗಳ ನಡುವೆ ಹನ್ನೆರಡು ದಿನ ಸುತ್ತುವ ಹಡಗಿನ ಪುಸ್ತಿಕೆಯನ್ನು ಹಿಡಿದುಕೊಂಡು ಬಂದರು. ನೂರೇ ಜನ ಪ್ರಯಾಣಿಕರು, ಬಾಲ್ಕನಿಯಿರುವ ಕೋಣೆಗಳು, ಊಟಕ್ಕೆ ಬೆಳ್ಳಿಯ ಚಮಚ. ಬಂದರೇ ಇಲ್ಲದ ದ್ವೀಪಗಳಿಗೆ ರಬ್ಬರ್ ದೋಣಿಯಲ್ಲಿ ಕರೆದೊಯ್ಯುತ್ತಾರೆ, ಮುಖಕ್ಕೆ ಗಾಜಿನ ಕವಚ ಕೊಟ್ಟು ನೀರಿಗಿಳಿಸುತ್ತಾರೆ. ಅಂಥ ಐಷಾರಾಮಿ ಹಡಗಿಗೆ ಆ ಆಫೀಸಿನಿಂದ ಅದುವರೆಗೆ ಯಾರೂ ಹೋಗಿರಲಿಲ್ಲ.

ಎಲ್ಲ ಸುಸೂತ್ರವಾಗಿಯೇ ನಡೆಯಿತು, ಆರೋಗ್ಯದ ಫಾರ್ಮು ಬರುವವರೆಗೆ. ಚೂಡಾಮಣಿ ಕಂಪ್ಯೂಟರಿನಲ್ಲಿ ಒಂದೊಂದೇ ಪ್ರಶ್ನೆ ಓದಿ ಉತ್ತರ ತುಂಬುತ್ತಿದ್ದಳು. ಎಂದಾದರೂ ಮೂರ್ಛೆ, ಫಿಟ್ಸ್ ಬಂದದ್ದುಂಟೇ ಎಂಬಲ್ಲಿಗೆ ಬಂದಾಗ ನಿಂತಳು. ರಾಮಪ್ರಸಾದರಿಗೆ ಫಿಟ್ಸ್ ಇದ್ದದ್ದು ಅವಳಿಗೆ ಗೊತ್ತಿತ್ತು. ಕೇದಾರಕ್ಕೆ ಹೋಗುವಾಗ ಮಾತ್ರೆಯ ಚೀಟಿಯನ್ನು ಅವಳೇ ನಕಲು ಮಾಡಿಸಿಕೊಟ್ಟಿದ್ದಳು.

"ಅದಕ್ಕೆ ಇಲ್ಲ ಅಂತ ಹಾಕಮ್ಮ," ಎಂದರು ರಾಮಪ್ರಸಾದ. "ಏಳು ವರ್ಷ ಆಯ್ತು ಬಂದು. ಹೌದು ಅಂದ್ರೆ ಡಾಕ್ಟರ್ ಪತ್ರ ಅಂತಾರೆ, ಕೊನೆಗೆ ನೀರಿಗೆ ಬಿಡಲ್ಲ. ನಾನು ಹೋಗ್ತಿರೋದೇ ಅದಕ್ಕೆ."

ಪಕ್ಕದಲ್ಲಿ ಕೂತಿದ್ದ ಸೀತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸುಮ್ಮನಿದ್ದರು. ಆಕೆ ಒಂದು ಮಾತು ಆಡಿದ್ದರೆ ಚೂಡಾಮಣಿ ಗಟ್ಟಿಯಾಗಿ ನಿಲ್ಲುತ್ತಿದ್ದಳೇನೋ. ಏಳು ವರ್ಷ ಕಡಿಮೆಯೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು 'ಇಲ್ಲ' ಎಂದು ಗುರುತು ಹಾಕಿದಳು. ಅವರು ಸಹಿ ಹಾಕಿದರು. ಅವತ್ತು ಸಂಜೆ ಮನೆಯಲ್ಲಿ ಅನ್ನ ಕಲಸುತ್ತ ಕೂತವಳ ಕೈ ಎರಡು ಸಲ ನಿಂತಿತು. ಕಲ್ಯಾಣಿ ಕೇಳಿದ್ದಕ್ಕೆ, ಏನಿಲ್ಲ, ಸುಸ್ತು ಎಂದಳು.

ಹಡಗು ಹೊರಟು ಐದನೇ ದಿನ, ಒಂದು ಶನಿವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜೆ.ಪಿ. ನಗರದಲ್ಲಿದ್ದ ಅವರ ಮಗಳು ಸಮನ್ವಿತಾ ಆಫೀಸಿಗೆ ಬಂದಳು. ಎರಡು ದಿನದಿಂದ ಅಪ್ಪ ಅಮ್ಮನ ಫೋನಿಲ್ಲ, ಮೆಸೇಜೂ ಇಲ್ಲ ಎಂದಳು. ಆ ದ್ವೀಪಗಳ ಕಡೆ ನೆಟ್‌ವರ್ಕ್ ಇರುವುದಿಲ್ಲ, ಇನ್ನು ಮೂರು ದಿನ ಹಾಗೇ ಎಂದು ಚೂಡಾಮಣಿ ಕಾರ್ಯಕ್ರಮದ ಹಾಳೆ ತೋರಿಸಿ ಧೈರ್ಯ ಹೇಳಿದಳು. ಹುಡುಗಿ ಎದ್ದು ಹೋಗಲಿಲ್ಲ. ಕೈಚೀಲದ ಜಿಪ್ಪನ್ನು ಎಳೆಯುತ್ತ, ಹಾಕುತ್ತ ಕೂತಿದ್ದು, ಕೊನೆಗೆ ಬಾಯಿಬಿಟ್ಟಳು. ಹೊರಡುವುದಕ್ಕೆ ಮೂರು ವಾರ ಮೊದಲು ಅಪ್ಪ ಅವಳ ಮನೆಯಲ್ಲಿ ಬಿದ್ದಿದ್ದರು. ಬಚ್ಚಲಿನ ಬಾಗಿಲಲ್ಲಿ. ಕೈಕಾಲು ಸೆಟೆದುಕೊಂಡು ಎರಡು ನಿಮಿಷ ಅದುರಿದ್ದನ್ನು ಅವಳೇ ಕಂಡಿದ್ದಳು. ಅಮ್ಮನಿಗೆ ಹೇಳಬೇಡವೆಂದು ಅಪ್ಪ ಮಾತು ತೆಗೆದುಕೊಂಡಿದ್ದರು.

"ನೀವು ಫಾರ್ಮಲ್ಲಿ ಬರ್ದಿರ್ತೀರಲ್ವಾ ಆಂಟಿ?" ಎಂದಳು ಸಮನ್ವಿತಾ. "ಫಿಟ್ಸ್ ಇದೆ ಅಂತ ಹಡಗಿನ ಡಾಕ್ಟರಿಗೆ ಗೊತ್ತಿರತ್ತಲ್ಲ. ಅದೊಂದೇ ಧೈರ್ಯ ನಂಗೆ."

ಚೂಡಾಮಣಿ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯದ ಹಾಗೆ ಆಡಿಸಿದಳು. ಹುಡುಗಿ ಅದನ್ನು ಹೌದೆಂದೇ ತಿಳಿದು, ನಿಟ್ಟುಸಿರು ಬಿಟ್ಟು ಹೋದಳು.

ಹಾಳೆ ಮೇಜಿನ ಮೇಲೇ ಇತ್ತು. ಆರನೇ ದಿನ, ಬೆಳಿಗ್ಗೆ ಒಂಬತ್ತಕ್ಕೆ, ಹವಳದ ದಿಬ್ಬದ ಬಳಿ ಮೊದಲ ಸಲ ನೀರಿಗಿಳಿಯುವುದು. ಅಂದರೆ ನಾಳೆ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಒಂಬತ್ತಾದರೆ ಇಲ್ಲಿ ಐದೂವರೆ. ನೀರಿನ ಮೇಲೆ ಬೋರಲು ಮಲಗಿದ ಮನುಷ್ಯನಿಗೆ ಫಿಟ್ಸ್ ಬಂದರೆ ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ, ಮೀನು ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅವಳು ಹಾಳೆ ಎತ್ತಿಕೊಂಡು ಎದ್ದಳು.

ಆಫೀಸಿನ ಯಜಮಾನ ಶಿವಕಿರಣ್. ತಂದೆ ಕಟ್ಟಿದ ವ್ಯವಹಾರವನ್ನು ಈಗ ನೋಡಿಕೊಳ್ಳುತ್ತಿದ್ದವನು, ಕೆಟ್ಟವನಲ್ಲ. ಚೂಡಾಮಣಿ ಅವನ ಮುಂದೆ ಎಲ್ಲವನ್ನೂ ಹೇಳಿದಳು. ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಸಹಿ ಅವರದ್ದು ಮೇಡಂ, ನಮ್ಮದಲ್ಲ," ಎಂದ. "ಈಗ ಹೇಳಿದ್ರೆ, ಗೊತ್ತಿದ್ದೂ ಸುಳ್ಳು ತುಂಬಿದ್ರಿ ಅಂತ ನಿಮ್ಮ ಹೆಸರೇ ಬರೋದು. ಅವರನ್ನ ಯಾವುದೋ ದ್ವೀಪದಲ್ಲಿ ಇಳಿಸಿಬಿಟ್ರೆ? ಏನೂ ಆಗಲ್ಲ, ಬಿಡಿ."

ಏನೂ ಆಗದೇ ಇರಬಹುದು. ಅದೇ ಅವಳನ್ನು ಹಿಂಡಿತು. ಆಗದಿದ್ದರೆ, ಬಾಯಿ ಬಿಟ್ಟು ಒಬ್ಬ ಮುದುಕರ ಜೀವಮಾನದ ಆಸೆ ಕೆಡಿಸಿದಂತೆ. ಏನಾದರೂ ಆಗಿಬಿಟ್ಟರೆ, ಬಾಯಿ ಮುಚ್ಚಿಕೊಂಡು ಕೊಂದಂತೆ.

ಹಡಗು ಕಂಪನಿಯ ಮುಂಬಯಿ ಏಜೆಂಟರಿಗೆ ಫೋನು ಮಾಡಿದಳು. ಶನಿವಾರ ಅರ್ಧ ದಿನ, ಎತ್ತುವವರಿರಲಿಲ್ಲ. ಇ-ಮೇಲ್ ಕಳಿಸಿದರೆ, ಸೋಮವಾರ ನೋಡುತ್ತೇವೆಂಬ ತಾನೇ ತಾನಾಗಿ ಬರುವ ಉತ್ತರ ಬಂತು. ಬುಕಿಂಗ್ ಕಾಗದದ ಕೊನೆಯ ಪುಟದಲ್ಲಿ ಹಡಗಿನದೇ ಸ್ಯಾಟಲೈಟ್ ಫೋನಿನ ನಂಬರು ಇತ್ತು. ಮನೆಯಲ್ಲಿ ಸಾವುನೋವಾದರೆ ಮಾತ್ರ ಬಳಸತಕ್ಕದ್ದು ಎಂದು ಕೆಳಗೆ ಬರೆದಿತ್ತು. ಮಧ್ಯಾಹ್ನದಿಂದ ಸಂಜೆಯವರೆಗೆ ಒಂಬತ್ತು ಸಲ ಪ್ರಯತ್ನಿಸಿದಳು. ಒಂದೊಂದು ಸಲವೂ ಗಾಳಿ ಬೀಸಿದಂಥ ಸದ್ದು ಬಂದು ಲೈನು ಸತ್ತುಹೋಗುತ್ತಿತ್ತು.

ಮನೆಗೆ ಹೋದವಳು ಊಟ ಬೇಡವೆಂದಳು. ಕಲ್ಯಾಣಿ ಬಿಡಲಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಮುಖ ಓದಿದವಳು ಅವಳು. ವಿಷಯವೆಲ್ಲ ತಿಳಿದ ಮೇಲೆ ತಂಗಿಯನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸುತ್ತೇನೆ ಎಂದಷ್ಟೇ ಹೇಳಿದಳು.

ಎಬ್ಬಿಸುವ ಅಗತ್ಯ ಬೀಳಲಿಲ್ಲ. ಅಡಿಗೆಮನೆಯ ದೀಪ ಹಾಕಿಕೊಂಡು ಚೂಡಾಮಣಿ ನಂಬರು ಒತ್ತುತ್ತಲೇ ಇದ್ದಳು. ನಾಲ್ಕು ಮುಕ್ಕಾಲು. ಐದು. ಐದು ಹತ್ತಕ್ಕೆ ಒಬ್ಬ ಹೆಂಗಸಿನ ಧ್ವನಿ ಕೇಳಿಸಿತು. ಎಲ್ಲೋ ಬಾವಿಯೊಳಗಿಂದ ಮಾತಾಡಿದ ಹಾಗಿತ್ತು. ಚೂಡಾಮಣಿ ರಾತ್ರಿಯೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಚೆಲ್ಲಾಪಿಲ್ಲಿಯಾದವು. ರಾಮಪ್ರಸಾದರ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ಕೋಣೆಯ ನಂಬರು ಹೇಳಿದಳು, ವೈದ್ಯರು ಬೇಕು ಎಂದಳು. ವೈದ್ಯರು ದೋಣಿಗಳ ಹತ್ತಿರ ಕೆಳಗೆ ಹೋಗಿದ್ದಾರೆ, ಮೊದಲ ಎರಡು ದೋಣಿ ಹೊರಟಾಯಿತು ಎಂದು ಆ ಹೆಂಗಸು ಹೇಳಿ, ಕಾಯಲು ಹೇಳಿದಳು.

ಕಾದಳು. ಫೋನಿನಲ್ಲಿ ಹುಯ್ಯೆನ್ನುವ ಸದ್ದು ಮಾತ್ರ. ಕಲ್ಯಾಣಿ ಬಂದು ಬಾಗಿಲಿಗೆ ಒರಗಿ ನಿಂತಳು. ಮೊದಲ ಎರಡು ದೋಣಿಯಲ್ಲಿ ಅವರಿದ್ದಾರೋ ಇಲ್ಲವೋ? ರಾಮಪ್ರಸಾದ ಯಾವತ್ತೂ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುವ ಜನ. ರೈಲಿಗೆ ಎರಡು ಗಂಟೆ ಮುಂಚೆ ಹೊರಡುವವರು. ಐದು ಇಪ್ಪತ್ತೆರಡಾಯಿತು.

ಕೊನೆಗೆ ವೈದ್ಯೆಯ ಧ್ವನಿ ಬಂತು. ಆಕೆ ಮೂರೇ ಪ್ರಶ್ನೆ ಕೇಳಿದಳು. ಯಾವ ಮಾತ್ರೆ, ಕೊನೆಯ ಸಲ ಯಾವಾಗ ಬಂದದ್ದು, ಫಾರ್ಮಿನಲ್ಲಿ ಇಲ್ಲವೆಂದು ತುಂಬಿದವರು ಯಾರು. ಮೊದಲ ಎರಡಕ್ಕೆ ಚೂಡಾಮಣಿ ಗೊತ್ತಿದ್ದಷ್ಟು ಹೇಳಿದಳು. ಮೂರನೆಯದಕ್ಕೆ, ನಾನೇ, ಗೊತ್ತಿದ್ದೂ ತುಂಬಿದೆ ಎಂದಳು. ವೈದ್ಯೆ ಥ್ಯಾಂಕ್ಸ್ ಎಂದಳೋ ಏನೋ, ಅರ್ಧ ಮಾತಿನಲ್ಲೇ ಲೈನು ಕಡಿಯಿತು. ಮತ್ತೆ ಹಿಡಿಯಲೇ ಇಲ್ಲ.

ಆಮೇಲಿನ ಎರಡು ದಿನಗಳನ್ನು ಚೂಡಾಮಣಿ ಹೇಗೆ ದಾಟಿದಳೋ. ಅವರನ್ನು ತಡೆದರೋ, ಅಷ್ಟರಲ್ಲಿ ನೀರಿಗಿಳಿದಿದ್ದರೋ, ತಿಳಿಯುವ ದಾರಿಯಿರಲಿಲ್ಲ. ಭಾನುವಾರ ಸಂಜೆ ಅವಳೇ ಜೆ.ಪಿ. ನಗರಕ್ಕೆ ಹೋಗಿ ಸಮನ್ವಿತಾಳಿಗೆ ಫಾರ್ಮಿನ ನಿಜ ಹೇಳಿದಳು. ಹುಡುಗಿ ಎದ್ದು ಬಾಗಿಲು ತೆರೆದು, ನೀವು ಈಗ ಹೋಗಿ ಆಂಟಿ ಎಂದಳು. ಸೋಮವಾರ ಆಫೀಸಿನಲ್ಲಿ ಫೋನು ಹೊಡೆದಾಗಲೆಲ್ಲ ಎಲ್ಲರಿಗಿಂತ ಮೊದಲು ಅವಳೇ ಎತ್ತಿದಳು. ಒಬ್ಬರಿಗೆ ಮೈಸೂರಿನ ಟಿಕೆಟ್ ಬದಲು ಮಂಗಳೂರಿನದು ಮಾಡಿಕೊಟ್ಟಳು. ಇಪ್ಪತ್ತಾರು ವರ್ಷದಲ್ಲಿ ಅಂಥದ್ದು ಅದೇ ಮೊದಲು.

ಮಂಗಳವಾರ ಮಧ್ಯಾಹ್ನ ಸಮನ್ವಿತಾಳಿಂದ ಒಂದು ಮೆಸೇಜು ಬಂತು. ಅಪ್ಪ ಚೆನ್ನಾಗಿದ್ದಾರೆ, ನಿಮ್ಮ ಮೇಲೂ ನನ್ನ ಮೇಲೂ ಕೆಂಡವಾಗಿದ್ದಾರೆ ಎಂದಿತ್ತು. ಚೂಡಾಮಣಿ ಅದನ್ನು ಓದಿ ಶೌಚಾಲಯಕ್ಕೆ ಹೋಗಿ, ನಲ್ಲಿ ತಿರುಗಿಸಿ, ಮನಸಾರೆ ಅತ್ತಳು.

ಮಾಡಿದ್ದರ ಫಲವನ್ನೂ ಅವಳು ಉಂಡಳು. ಮುಂಬಯಿಯಿಂದ ಖಾರವಾದ ಪತ್ರ ಬಂತು. ಆ ಕಂಪನಿ ಇವರ ಮೂಲಕ ಬರುವ ಬುಕಿಂಗುಗಳನ್ನು ನಿಲ್ಲಿಸಿತು. ಶಿವಕಿರಣ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ವಿದೇಶದ ಕೆಲಸವನ್ನೆಲ್ಲ ಬೇರೆಯವರಿಗೆ ಕೊಟ್ಟು ಅವಳನ್ನು ರೈಲು, ಬಸ್ಸಿನ ಟಿಕೆಟ್ಟಿಗೆ ಹಾಕಿದ. ಅವಳು ಎದುರಾಡಲಿಲ್ಲ.

ರಾಮಪ್ರಸಾದ ದಂಪತಿ ಊರಿಗೆ ಬಂದು ಎರಡು ವಾರವಾದ ಮೇಲೆ ಸೀತಮ್ಮ ಒಬ್ಬರೇ ಆಫೀಸಿಗೆ ಬಂದರು. ಬೈಯುವುದಕ್ಕೇ ಬಂದಿದ್ದಾರೆಂದು ಚೂಡಾಮಣಿ ಎದ್ದು ನಿಂತಳು. ಕೂತ್ಕೋ ಎಂದರು ಆಕೆ.

ಆ ಬೆಳಿಗ್ಗೆ ನಡೆದದ್ದನ್ನು ನಿಧಾನವಾಗಿ ಹೇಳಿದರು. ಇಬ್ಬರೂ ಮೂರನೇ ದೋಣಿಯಲ್ಲಿದ್ದರಂತೆ. ದೋಣಿ ದಿಬ್ಬದ ಹತ್ತಿರ ಹೋಗಿ ನಿಂತಿತ್ತು, ರಾಮಪ್ರಸಾದ ಗಾಜಿನ ಕವಚವನ್ನು ಮುಖಕ್ಕೆ ಏರಿಸಿಕೊಂಡು ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟಿದ್ದರು. ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಕರೆ ಬಂತು. ಹಡಗಿನವರು ಮರ್ಯಾದೆಯಾಗಿಯೇ ತಡೆದರು, ಉಳಿದ ದಿನವೂ ನೀರಿಗೆ ಬಿಡಲಿಲ್ಲ. ತಳದಲ್ಲಿ ಗಾಜಿರುವ ಒಂದು ಡಬ್ಬಿ ಕೊಟ್ಟು, ದೋಣಿಯಿಂದಲೇ ಬಗ್ಗಿ ನೋಡಿ ಎಂದರಂತೆ. ಅವರು ಅದನ್ನು ಮುಟ್ಟಲಿಲ್ಲ. ಸೀತಮ್ಮನೇ ಹೆದರುತ್ತ ಹೆದರುತ್ತ ಬಗ್ಗಿ ನೋಡಿದರು. ಹಳದಿ ಪಟ್ಟೆಯ ಮೀನುಗಳು, ಹೂಕೋಸಿನ ಹಾಗೆ ಹರಡಿದ್ದ ಹವಳ, ಒಂದು ದೊಡ್ಡ ಆಮೆ. ಕಂಡದ್ದನ್ನೆಲ್ಲ ಗಂಡನಿಗೆ ಹೇಳುತ್ತ ಹೋದರಂತೆ. ಅವರು ಬೇರೆ ಕಡೆ ಮುಖ ಮಾಡಿಕೊಂಡು ಕೇಳಿಸಿಕೊಂಡರಂತೆ.

ಹನ್ನೆರಡು ದಿನದಲ್ಲಿ ಒಂದು ಸಲವೂ ಫಿಟ್ಸ್ ಬರಲಿಲ್ಲ. ಅದನ್ನೇ ಹಿಡಿದುಕೊಂಡು, ನೋಡಿದೆಯಾ ಎಂದು ದಿನಾ ಹಂಗಿಸುತ್ತಾರೆ ಎಂದರು ಸೀತಮ್ಮ.

"ನಾನೇ ತಪ್ಪು ಮಾಡಿದ್ನೇನೋ ಮೇಡಂ," ಎಂದಳು ಚೂಡಾಮಣಿ. "ಮೊದಲೇ ನಿಜ ಬರ್ದಿದ್ರೆ, ಡಾಕ್ಟರ್ ಪತ್ರ ತಗೊಂಡು ಹೇಗಾದ್ರೂ ಇಳೀಬಹುದಿತ್ತೋ ಏನೋ. ಕೊನೇ ಗಳಿಗೇಲಿ ಹೀಗಾಯ್ತು."

"ಮೊದಲು ಬರೀದೇ ಇದ್ದದ್ದು ತಪ್ಪೇ," ಎಂದರು ಸೀತಮ್ಮ. "ನಾನು ಅವತ್ತು ಬಾಯಿ ಬಿಡದೇ ಇದ್ದದ್ದೂ ತಪ್ಪೇ. ಆದ್ರೆ ಒಂದು ಹೇಳ್ತೀನಿ ಕೇಳು. ಮೊದಲ ಐದು ರಾತ್ರಿ ಆ ಹಂಸತೂಲಿಕಾತಲ್ಪದ ಮೇಲೆ ನಾನು ಕಣ್ಣು ಮುಚ್ಚಿಲ್ಲ. ಆರನೇ ರಾತ್ರಿ ನಿದ್ದೆ ಬಂತು ಕಣಮ್ಮ."

ರಾಮಪ್ರಸಾದ ಈಗ ಬೇರೆ ವೈದ್ಯರ ಬಳಿ ತೋರಿಸಿಕೊಳ್ಳುತ್ತಿದ್ದಾರೆ, ಮಾತ್ರೆಯ ಪ್ರಮಾಣ ಹೆಚ್ಚಾಗಿದೆ. ಚೂಡಾಮಣಿಯ ಹತ್ತಿರ ಮಾತು ಬಿಟ್ಟಿದ್ದಾರೆ. ಬೆಳಗಿನ ವಾಕಿಂಗಿಗೆ ಹೋಗುವಾಗ ಆಫೀಸಿನ ಮುಂದೆಯೇ ಹಾದರೂ ಒಳಗೆ ನೋಡುವುದಿಲ್ಲ. ಅವರು ಕಣ್ಣಿಗೆ ಬೀಳದ ದಿನ ಅವಳ ಕಣ್ಣು ಗಡಿಯಾರದ ಮೇಲೇ. ಹನ್ನೊಂದರವರೆಗೆ ತಡೆದುಕೊಂಡು, ಆಮೇಲೆ ಸೀತಮ್ಮನಿಗೆ ಫೋನು ಮಾಡುತ್ತಾಳೆ. ಆಕೆಯೂ ಕಾರಣ ಕೇಳುವುದಿಲ್ಲ. ಮನೇಲೇ ಇದ್ದಾರೆ, ಮೀನಿನ ತೊಟ್ಟಿ ತೊಳೀತಿದ್ದಾರೆ ಎಂದು ಹೇಳಿ ಇಡುತ್ತಾರೆ.